ನನಗೇ ಮಾತು ಉಗ್ಗುತ್ತದೆ, ನಾನು ಸ್ಪೀಚ್ ಥೆರಪಿ ಓದಬಹುದಾ?

ಪ್ರಶ್ನೆ: ನಾನು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನವಳು. ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಪಿಯುಸಿ ಕುಮಟಾದಲ್ಲಿ, ಪಿಸಿಎಂಬಿ. ನೀಟ್ ಬರೆದೆ, ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಅವನ ಥೆರಪಿಗೆ ಮಂಗಳೂರಿಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ನೋಡಿ ಈ ಕೆಲಸ ಮಾಡಬೇಕು ಅನ್ನಿಸಿದೆ. ಆದರೆ ನನಗೆ ಚಿಕ್ಕಂದಿನಿಂದ ಉಗ್ಗು ಇದೆ. ಹೆಸರು ಹೇಳುವಾಗ, ಫೋನಿನಲ್ಲಿ ಮಾತಾಡುವಾಗ ಜಾಸ್ತಿ. ‘ಮಾತೇ ಸರಿ ಇಲ್ಲದವಳು ಬೇರೆಯವರಿಗೆ ಮಾತು ಕಲಿಸ್ತಾಳಾ?’ ಎಂದು ಮನೆಯವರು ನಗುತ್ತಾರೆ. ಇದಕ್ಕೆ ಡಿಗ್ರಿ ಯಾಕೆ, ಆನ್‌ಲೈನ್‌ನಲ್ಲಿ ಆರು ತಿಂಗಳ ಕೋರ್ಸ್ ಸಿಗುತ್ತದೆ ಅಂತ ಮಾವ ಹೇಳುತ್ತಾರೆ. ಅಪ್ಪ ಇನ್ನೊಂದು ವರ್ಷ ನೀಟ್‌ಗೆ ಓದು ಅನ್ನುತ್ತಾರೆ. ನಾನು ಓದಬಹುದಾ? ಉಗ್ಗಿಗೆ ಅಂಗವಿಕಲರ ಕೋಟಾ ಸಿಗುತ್ತದಾ? ಮುಗಿಸಿದ ಮೇಲೆ ನಮ್ಮ ಜಿಲ್ಲೆಯಲ್ಲೇ ಕೆಲಸ ಸಿಗುತ್ತದಾ? ಸೇರುವ ಮೊದಲು ನನ್ನ ಉಗ್ಗು ಸರಿ ಮಾಡಿಕೊಳ್ಳಬೇಕಾ?

ಉತ್ತರ: ಓದಬಹುದು. ಮೊದಲು ಇದೊಂದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆ ನಿಂತಿವೆ. ಈ ಕೋರ್ಸಿನ ಅರ್ಹತೆಯಲ್ಲಿ ‘ನಿರರ್ಗಳವಾಗಿ ಮಾತಾಡಬೇಕು’ ಎಂಬ ಷರತ್ತು ಇಲ್ಲ.

ಮನೆಯವರ ನಗುವಿಗೆ ಒಂದು ಉತ್ತರ ಕೊಡುತ್ತೇನೆ, ಬೇಕಾದರೆ ಓದಿ ಹೇಳಿ. ಉಗ್ಗಿನ ಚಿಕಿತ್ಸೆಯ ಬಗ್ಗೆ ಯಾವ ಪಠ್ಯಪುಸ್ತಕ ತೆರೆದರೂ ಚಾರ್ಲ್ಸ್ ವ್ಯಾನ್ ರೈಪರ್ ಎಂಬ ಹೆಸರು ಸಿಗುತ್ತದೆ. ಅಮೆರಿಕದವರು, 1905ರಲ್ಲಿ ಹುಟ್ಟಿದವರು. ಅವರಿಗೆ ಚಿಕ್ಕಂದಿನಿಂದ ಜೋರು ಉಗ್ಗು. ಅದೇ ಕಾಲದ ಇನ್ನೊಬ್ಬ ದೊಡ್ಡ ಹೆಸರು ವೆಂಡೆಲ್ ಜಾನ್ಸನ್, ಅವರೂ ಉಗ್ಗುತ್ತಿದ್ದವರೇ. ಈ ವಿದ್ಯೆಯ ಒಂದು ಇಡೀ ಭಾಗವನ್ನು ಕಟ್ಟಿದ್ದೇ ಉಗ್ಗುವ ಜನ. ನಿಮ್ಮ ಮನೆಯವರು ಇದನ್ನು ಕೇಳಿರಲಿಕ್ಕಿಲ್ಲ, ಅವರ ತಪ್ಪಲ್ಲ.

ಉಗ್ಗು ಅಂದರೆ ಏನು ಎಂಬುದನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ನನಗೆ ಧೈರ್ಯ ಕಡಿಮೆ, ಅದಕ್ಕೇ ಹೀಗೆ’ ಎಂದು ಉಗ್ಗುವವರು ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹೆದರಿಕೆಯಿಂದ ಉಗ್ಗು ಶುರುವಾಗುವುದಿಲ್ಲ. ಉಗ್ಗುವವರನ್ನು ನೋಡಿ ಅಣಕಿಸಿದರೂ ಬರುವುದಿಲ್ಲ, ನಾಲಿಗೆ ದಪ್ಪ ಇದ್ದರೂ ಬರುವುದಿಲ್ಲ. ಹೆಚ್ಚಾಗಿ ಎರಡರಿಂದ ಐದು ವರ್ಷದ ಒಳಗೆ ಶುರುವಾಗುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಬಹುತೇಕ ಮಕ್ಕಳಲ್ಲಿ ಅದು ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ, ಅವರಲ್ಲೂ ಗಂಡಸರೇ ಜಾಸ್ತಿ. ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ಪಾಕಿಸ್ತಾನದ ಕೆಲವು ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2010ರಲ್ಲಿ ಉಗ್ಗಿಗೆ ಸಂಬಂಧಿಸಿದ ಜೀನ್ ಬದಲಾವಣೆಗಳನ್ನು ಗುರುತಿಸಿದರು. ಮಾತನ್ನು ಯೋಜಿಸಿ, ಸರಿಯಾದ ಕ್ಷಣಕ್ಕೆ ಬಾಯಿಗೆ ಕಳಿಸುವ ಮೆದುಳಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಇರುತ್ತದೆ. ಹೆದರಿಕೆ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಹೆಸರು ಹೇಳುವಾಗ, ಫೋನಿನಲ್ಲಿ ಜಾಸ್ತಿ ಆಗುತ್ತದೆ ಅಂದಿರಲ್ಲ, ಉಗ್ಗುವವರು ಹೆಚ್ಚಿನವರು ಹೇಳುವ ಮಾತೇ ಅದು. ಹೆಸರಿಗೆ ಬದಲಿ ಶಬ್ದ ಹಾಕಲು ಆಗುವುದಿಲ್ಲ, ಫೋನಿನಲ್ಲಿ ಮುಖ ಕಾಣುವುದಿಲ್ಲ. ಬಜೆ ತೇಯ್ದು ನೆಕ್ಕಿಸುವುದು, ಬಾಯಿಗೆ ಕಲ್ಲು ಹಾಕಿ ಓದಿಸುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ಇದರಿಂದ ಉಗ್ಗು ಹೋಗುವುದಿಲ್ಲ. ಕಲ್ಲು ಗಂಟಲಿಗೆ ಇಳಿಯುವ ಅಪಾಯ ಮಾತ್ರ ಇದೆ.

ಹಾಗಂತ ಉಗ್ಗಿನಿಂದ ಓದಿಗೆ ಏನೂ ತೊಂದರೆ ಆಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ಈ ಕೋರ್ಸಿನಲ್ಲಿ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಜಾಸ್ತಿ. ಕೇಸ್ ಪ್ರೆಸೆಂಟೇಶನ್ ಇರುತ್ತದೆ, ರೋಗಿಯ ಮನೆಯವರ ಜೊತೆ ಅರ್ಧ ಗಂಟೆ ಕೂತು ಹಿನ್ನೆಲೆ ಕೇಳಿ ಬರೆದುಕೊಳ್ಳಬೇಕು. ‘ನಿಮಗೇ ಹೀಗಿದೆ, ನಮ್ಮ ಮಗನಿಗೆ ಏನು ಕಲಿಸ್ತೀರಿ?’ ಎಂದು ಮುಖಕ್ಕೇ ಕೇಳುವ ಪೋಷಕರು ಒಬ್ಬರಾದರೂ ಸಿಗುತ್ತಾರೆ. ಇನ್ನೊಂದು ಕಡೆ, ಉಗ್ಗು ಇಲ್ಲದ ನಿಮ್ಮ ಸಹಪಾಠಿಗಳಿಗೆ ಬಸ್‌ಸ್ಟ್ಯಾಂಡಿನಲ್ಲೋ ಅಂಗಡಿಯಲ್ಲೋ ಬೇಕೆಂದೇ ಉಗ್ಗಿ ಮಾತಾಡಿ ಬನ್ನಿ ಎಂದು ಅಭ್ಯಾಸ ಕೊಡುವುದುಂಟು. ಬೇಕೆಂದೇ ಉಗ್ಗುವುದು ಚಿಕಿತ್ಸೆಯ ಒಂದು ವಿಧಾನ ಕೂಡ. ಆ ದಿನ ಅವರ ಕೈಕಾಲು ನಡುಗುತ್ತದೆ. ನಿಮಗೆ ಅದು ದಿನನಿತ್ಯದ ಜೀವನ ಅಲ್ವಾ? ಉಗ್ಗುವ ಹುಡುಗನೊಬ್ಬ ಎದುರು ಕೂತಾಗ ಅವನ ಮಾತು ಮುಗಿಯುವ ತನಕ ಬಾಯಿ ಹಾಕದೆ ಕಾಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಈ ಕೆಲಸದಲ್ಲಿ ಬಾಯಿಗಿಂತ ಕಿವಿಗೆ ಕೆಲಸ ಜಾಸ್ತಿ.

ನಿಮ್ಮ ಉಗ್ಗಿಗಿಂತ ನನಗೆ ಚಿಂತೆ ಇರುವುದು ಬೇರೆ ಕಡೆ. ಕೋರ್ಸಿನಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಸೇರುವವರು ಬಹಳ. ಇದರ ಹೆಸರು ಬಿಎಎಸ್‌ಎಲ್‌ಪಿ. ಅಂದರೆ ಶ್ರವಣಶಾಸ್ತ್ರ ಮತ್ತು ಮಾತು-ಭಾಷೆಯ ಚಿಕಿತ್ಸೆ, ಎರಡೂ ಒಟ್ಟಿಗೆ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹತ್ತಿರ ಹತ್ತಿರ ಅರ್ಧ ಪಾಲು ಕಿವಿಯದ್ದು. ಶಬ್ದದ ಭೌತಶಾಸ್ತ್ರ, ಡೆಸಿಬೆಲ್ ಲೆಕ್ಕ, ಕೇಳುವ ಶಕ್ತಿ ಅಳೆಯುವ ಆಡಿಯೋಮೀಟರ್, ಶ್ರವಣಯಂತ್ರದ ಒಳಗಿನ ಎಲೆಕ್ಟ್ರಾನಿಕ್ಸ್, ನಿದ್ದೆ ಮಾಡುವ ಹಸುಗೂಸಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಕಿವಿ ಕೇಳುತ್ತದಾ ಎಂದು ನೋಡುವ ಬೇರಾ ಪರೀಕ್ಷೆ. ಇನ್ನರ್ಧದಲ್ಲಿ ಗಂಟಲು-ನಾಲಿಗೆಯ ಅಂಗರಚನೆ, ನರಶಾಸ್ತ್ರ, ಭಾಷಾಶಾಸ್ತ್ರ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ. ಆಮೇಲೆ ಒಂದೊಂದು ತೊಂದರೆ: ಮಕ್ಕಳ ಭಾಷೆ ತಡವಾಗುವುದು, ಆಟಿಸಂ, ಸೀಳು ತುಟಿ, ಸೆರೆಬ್ರಲ್ ಪಾಲ್ಸಿ, ಧ್ವನಿ ಕೆಡುವುದು, ಲಕ್ವ ಹೊಡೆದ ಮೇಲೆ ಮಾತು ಹೋಗುವುದು, ನುಂಗಲು ಆಗದಿರುವುದು. ‘ಮಕ್ಕಳ ಜೊತೆ ಆಟ ಆಡಿಸುತ್ತಾ ಮಾತು ಕಲಿಸೋದು’ ಅಂದುಕೊಂಡು ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ತಲೆ ತಿರುಗುತ್ತದೆ. ನೀವು ಪಿಸಿಎಂಬಿ ಓದಿದವರು, ನಿಮಗೆ ಭೌತಶಾಸ್ತ್ರದ ಹೆದರಿಕೆ ಇರಲಿಕ್ಕಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷ್ ಭಾರ ಆಗುತ್ತದೆ, ಆಮೇಲೆ ಹೊಂದಿಕೊಳ್ಳುತ್ತಾರೆ. ಅದರ ಬಗ್ಗೆ ಜಾಸ್ತಿ ಯೋಚಿಸಬೇಡಿ.

ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವಾಗ ಈ ವಿಷಯಗಳು ಯಾವ ರೂಪದಲ್ಲಿ ಬರುತ್ತವೆ ಎಂದು ಹೇಳಿದರೆ ನಿಮಗೆ ಜಾಸ್ತಿ ಉಪಯೋಗ. ಗಂಟಲು ಕಟ್ಟಿಕೊಂಡ ಯಕ್ಷಗಾನದ ಭಾಗವತರು ಬರುತ್ತಾರೆ, ದಿನವಿಡೀ ಕೂಗಿ ಪಾಠ ಮಾಡುವ ಶಾಲೆ ಟೀಚರ್ ಬರುತ್ತಾರೆ. ಬೋಟಿನ ಇಂಜಿನ್ ಪಕ್ಕದಲ್ಲೇ ವರ್ಷಗಟ್ಟಲೆ ದುಡಿದು ಕಿವಿ ಮಂದವಾದವರು ಬರುತ್ತಾರೆ. ಕವಳ (ಎಲೆ-ಅಡಿಕೆ) ಹಾಕಿ ಹಾಕಿ ಬಾಯಿ ಕ್ಯಾನ್ಸರ್ ಆಗಿ, ಆಪರೇಶನ್ ಆದ ಮೇಲೆ ನಾಲಿಗೆ ತಿರುಗದವರು ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಶಿರಸಿಯಲ್ಲಿ ಕೂತು ಇದನ್ನು ಹೇಳಿದರೆ ಬೈಸಿಕೊಳ್ಳುತ್ತೇನೆ, ಇರಲಿ.

ಲಕ್ವ ಹೊಡೆದ ಅಜ್ಜನಿಗೆ ಹಗುರ ಅಂತ ಮನೆಯವರು ಗಂಜಿ ಕೊಡುತ್ತಾರೆ. ನುಂಗಲು ತೊಂದರೆ ಇರುವವರಿಗೆ ತಿಳಿ, ಅಗಳು ಎರಡೂ ಇರುವ ಊಟ ಬಹಳ ಕಷ್ಟದ್ದು. ಅಗಳನ್ನು ಅಗಿಯುವಷ್ಟರಲ್ಲಿ ತಿಳಿ ಮೊದಲೇ ಜಾರಿ ಶ್ವಾಸನಾಳಕ್ಕೆ ಹೋಗಬಹುದು, ನ್ಯುಮೋನಿಯಾ ಆಗಬಹುದು. ಯಾವ ಆಹಾರವನ್ನು ಎಷ್ಟು ಗಟ್ಟಿ ಮಾಡಿ, ತಲೆ ಹೇಗೆ ಇಟ್ಟು ಕೊಡಬೇಕು ಎಂದು ಪರೀಕ್ಷಿಸಿ ಹೇಳುವುದೂ ನಿಮ್ಮ ಕೆಲಸವೇ. ಜೀವಕ್ಕೆ ಸಂಬಂಧಿಸಿದ ಕೆಲಸ ಇದು. ಆರು ತಿಂಗಳ ಕೋರ್ಸ್ ಸಾಕು ಎನ್ನುವ ಮಾವನಿಗೆ ಇದನ್ನು ಹೇಳಿ.

ಆ ಆನ್‌ಲೈನ್ ಕೋರ್ಸಿನ ಬಗ್ಗೆ ಇನ್ನೂ ಒಂದು ಮಾತು. ನಮ್ಮ ದೇಶದಲ್ಲಿ ಈ ವೃತ್ತಿ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಕೆಳಗೆ ಬರುತ್ತದೆ. 1992ರ ಕಾಯ್ದೆ ಅದಕ್ಕಿದೆ. ಆರ್‌ಸಿಐ ಒಪ್ಪಿದ ಕೋರ್ಸ್ ಮುಗಿಸಿ, ಅವರ ರಿಜಿಸ್ಟರಿನಲ್ಲಿ ಹೆಸರು ಸೇರಿದ ಮೇಲೆಯೇ ಚಿಕಿತ್ಸೆ ಕೊಡಬಹುದು. ನೋಂದಣಿ ಇಲ್ಲದೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಎಂದು ಕಾಯ್ದೆಯಲ್ಲೇ ಇದೆ. ಒಂದು ವರ್ಷದ ಡಿಎಚ್‌ಎಲ್‌ಎಸ್ ಎಂಬ ಡಿಪ್ಲೊಮಾಕ್ಕೆ ಮಾನ್ಯತೆ ಇದೆ. ಆದರೆ ಅದು ಸಹಾಯಕರ ಕೆಲಸಕ್ಕೆ, ಸ್ವತಂತ್ರವಾಗಿ ಕ್ಲಿನಿಕ್ ಹಾಕಲು ಅಲ್ಲ. ನಿಮ್ಮ ಅಂಕಪಟ್ಟಿ ಇಟ್ಟುಕೊಂಡು ಅಲ್ಲಿಗೆ ಹೋಗುವ ಅಗತ್ಯ ಇಲ್ಲ.

ಎಲ್ಲಿ ಓದಬೇಕು? ಮೊದಲ ಹೆಸರು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನುವುದು. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಇಲಾಖೆಯದ್ದು, ಮಾನಸಗಂಗೋತ್ರಿಯಲ್ಲಿದೆ. ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಶುಲ್ಕ ತೀರಾ ಕಡಿಮೆ. ದೇಶದ ಎಲ್ಲ ಕಡೆಯಿಂದ ಮಕ್ಕಳು ಬರೆಯುವ ಪ್ರವೇಶ ಪರೀಕ್ಷೆ ಇರುತ್ತದೆ. ಸೀಟು ಕಡಿಮೆ, ಪೈಪೋಟಿ ಜೋರು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಜೀವಶಾಸ್ತ್ರವೋ ಗಣಿತವೋ ಇದ್ದರೆ ಅರ್ಹತೆ ಇದೆ. ಮಿಕ್ಕ ನಿಯಮಗಳು ಆಗಾಗ ಬದಲಾಗುತ್ತವೆ, ನೀವು ಸೇರುವ ವರ್ಷದ ಪ್ರಕಟಣೆಯನ್ನೇ ನೋಡಿ, ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ. ಕರಾವಳಿಯಲ್ಲೇ ಇರಬೇಕು ಅಂದರೆ ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಕೆಎಂಸಿ, ನಿಟ್ಟೆಯವರ ಕಾಲೇಜುಗಳಿವೆ, ಮಣಿಪಾಲ ಇದೆ. ಘಟ್ಟದ ಮೇಲೆ ಧಾರವಾಡದಲ್ಲಿ ಜೆಎಸ್‌ಎಸ್ ಇದೆ. ಖಾಸಗಿಯಲ್ಲಿ ಖರ್ಚು ಜಾಸ್ತಿ. ಸಾಲ ಮಾಡಿ ಸೇರುವುದಾದರೆ ಸಂಬಳದ ಭಾಗ ಕೆಳಗೆ ಬರುತ್ತದೆ, ಅದನ್ನು ಓದಿಯೇ ನಿರ್ಧಾರ ಮಾಡಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಆರ್‌ಸಿಐ ಮಾನ್ಯತೆ ಕೊಡುವುದು ಇಂತಿಷ್ಟು ವರ್ಷಕ್ಕೆ ಅಂತ. ನೀವು ಸೇರುವ ಬ್ಯಾಚಿಗೆ ಅದು ಇದೆಯಾ ಅಂತ ಆರ್‌ಸಿಐ ಪಟ್ಟಿಯಲ್ಲೇ ನೋಡಿ. ಎರಡನೆಯದಾಗಿ, ಅವರ ಕ್ಲಿನಿಕ್ಕಿಗೆ ರೋಗಿಗಳು ಬರುತ್ತಾರಾ? ಒಂದು ಬೆಳಿಗ್ಗೆ ಹೋಗಿ ಕಾಯುವ ಬೆಂಚಿನಲ್ಲಿ ಸುಮ್ನೆ ಕೂತು ಬನ್ನಿ. ಬೆಂಚು ಖಾಲಿ ಇದ್ದರೆ ಆ ಕಾಲೇಜಿನಲ್ಲಿ ನೀವು ಪುಸ್ತಕ ಮಾತ್ರ ಓದುತ್ತೀರಿ.

ನೀಟ್ ವಿಷಯ. ಅಪ್ಪನ ಮಾತಿಗೆ ಎದುರಾಡಬೇಕಾಗಿಲ್ಲ, ಆದರೆ ನೀವು ನಿಮ್ಮನ್ನೇ ಕೇಳಿಕೊಳ್ಳಿ. ಮೆಡಿಕಲ್ ಬೇಕು ಎಂಬ ಆಸೆ ಇನ್ನೂ ಇದ್ದರೆ ಆ ಒಂದು ವರ್ಷ ಅದಕ್ಕೇ ಕೊಡಿ. ಇಲ್ಲಿ ಸೇರಿ, ಒಳಗೊಳಗೇ ನೀಟ್‌ಗೆ ಓದಿ, ಮುಂದಿನ ವರ್ಷ ಬಿಟ್ಟು ಹೋಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರ ಸೀಟು ಖಾಲಿಯೇ ಉಳಿಯುತ್ತದೆ. ನನಗೆ ಅದು ಬೇಸರದ ವಿಷಯ. ನಿಮ್ಮ ಪತ್ರ ಓದಿದರೆ ನೀವು ಆ ಪೈಕಿ ಅನ್ನಿಸುವುದಿಲ್ಲ. ನೀವು ಮಂಗಳೂರಿನ ಆ ಥೆರಪಿ ಕೋಣೆಯೊಳಗೆ ಕೂತು ನೋಡಿ ಬಂದವರು.

ಕೋಟಾ ಬಗ್ಗೆ ಕೇಳಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮಾತು ಮತ್ತು ಭಾಷೆಯದ್ದೂ ಒಂದು. ಆದರೆ ಅದರ ವಿವರಣೆ ಧ್ವನಿಪೆಟ್ಟಿಗೆ ತೆಗೆದವರು, ಮೆದುಳಿಗೆ ಪೆಟ್ಟಾಗಿ ಮಾತು ಹೋದವರು, ಇಂಥ ಶಾಶ್ವತ ತೊಂದರೆಗಳ ಕಡೆಗೆ ಇದೆ. ಉಗ್ಗು ಒಂದನ್ನೇ ತೋರಿಸಿ ಪ್ರಮಾಣಪತ್ರ ಸಿಗುತ್ತದೆ ಎಂದು ನಂಬಿಕೊಂಡು ಲೆಕ್ಕ ಹಾಕಬೇಡಿ.

ಈಗ ನಿಮ್ಮ ಕೊಂಕಣಿ. ಅದನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ ಅದೇ. ಕಾರವಾರದಿಂದ ಭಟ್ಕಳದ ತನಕ ಎಷ್ಟು ಮಾತು ಇವೆ ನೋಡಿ: ಕೊಂಕಣಿಯೇ ನಾಲ್ಕಾರು ಬಗೆ, ಭಟ್ಕಳದ ನವಾಯತಿ, ಹಾಲಕ್ಕಿಗಳ ಕನ್ನಡ, ಘಟ್ಟದ ಮೇಲೆ ಹವಿಗನ್ನಡ, ಹಳಿಯಾಳ-ಜೋಯಿಡಾ ಕಡೆ ಮರಾಠಿ. ಮಗುವಿನ ಉಚ್ಚಾರ, ಭಾಷೆ ಅಳೆಯಲು ಕನ್ನಡದಲ್ಲಿ ಪರೀಕ್ಷೆಗಳಿವೆ, ಒಳ್ಳೆಯವೂ ಇವೆ. ಆದರೆ ಅವನ್ನು ಇಲ್ಲಿನ ಮಗುವಿಗೆ ಕಣ್ಣು ಮುಚ್ಚಿ ಹಾಕಿದರೆ ಎಡವಟ್ಟಾಗುತ್ತದೆ. ಕೊಂಕಣಿಯಲ್ಲಿ ‘ಚ’ ಅಲ್ಲದೆ ‘ತ್ಸ’ ಥರದ ಧ್ವನಿಯೂ ಇದೆ. ಮಗು ಅದನ್ನು ಕನ್ನಡ ಶಬ್ದಕ್ಕೂ ತಂದರೆ ಅದು ಉಚ್ಚಾರ ದೋಷ ಅಲ್ಲ. ಕೊಂಕಣಿಯಲ್ಲಿ ಮೂಗಿನಿಂದ ಹೊರಡುವ ಸ್ವರಗಳಿವೆ, ಅರ್ಥವೇ ಅದರಿಂದ ಬದಲಾಗುತ್ತದೆ. ಸೀಳು ಅಂಗುಳದ ಆಪರೇಶನ್ ಆದ ಕೊಂಕಣಿ ಮಗುವಿನ ಮಾತಿನಲ್ಲಿ ಎಷ್ಟು ಮೂಗು ಭಾಷೆಯದ್ದು, ಎಷ್ಟು ಮೂಗು ಅಂಗುಳದ್ದು ಎಂದು ಬೇರೆ ಮಾಡಲು ಆ ಭಾಷೆ ಕಿವಿಯಲ್ಲಿ ಇರಬೇಕು. ಶಿರಸಿಯ ಹವ್ಯಕರ ಮನೆಯ ಮಗು ‘ಆಯಿ (ಅಮ್ಮ) ಬಂತು’ ಅನ್ನುತ್ತದೆ. ಬೆಂಗಳೂರಿನಲ್ಲಿ ಕಲಿತ ಥೆರಪಿಸ್ಟ್ ಅದನ್ನು ವ್ಯಾಕರಣ ತಪ್ಪು ಎಂದು ಬರೆದುಕೊಳ್ಳಬಹುದು. ಮನೆಯಲ್ಲಿ ಎಲ್ಲರೂ ಮಾತಾಡುವುದೇ ಹಾಗೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತಪ್ಪು ನಂಬಿಕೆ: ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗುವಿಗೆ ಮಾತು ತಡವಾಗುತ್ತದೆ ಅನ್ನುವುದು. ಆಗುವುದಿಲ್ಲ. ‘ಕೊಂಕಣಿ ಬಿಡಿ, ಬರೀ ಇಂಗ್ಲಿಷ್ ಮಾತಾಡಿ’ ಎಂಬ ಸಲಹೆ ಕೇಳಿಕೊಂಡು ಬಂದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಅಜ್ಜಿ ಮಗುವಿನ ಜೊತೆ ಮಾತಾಡುವುದನ್ನೇ ನಿಲ್ಲಿಸಿರುತ್ತಾಳೆ, ಅವಳಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ. ಮಗುವಿಗೆ ಸಿಗುತ್ತಿದ್ದ ಮಾತು ಅರ್ಧಕ್ಕೆ ಇಳಿಯಿತು ಅಷ್ಟೆ. ಅಜ್ಜಿಯ ಎದುರು ಕೊಂಕಣಿಯಲ್ಲೇ ಕೂತು ‘ನೀವು ಮಾತಾಡಿ’ ಎಂದು ಹೇಳುವವರು ಈ ಜಿಲ್ಲೆಗೆ ಬೇಕು.

ಕೆಲಸ, ಸಂಬಳ. ಇಲ್ಲಿ ನಾನು ಬಣ್ಣ ಹಚ್ಚುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಬೇಗ ಸಿಗುತ್ತದೆ, ಆಟಿಸಂ ಕೇಂದ್ರಗಳೇ ಅಷ್ಟಿವೆ. ಆದರೆ ಡಿಗ್ರಿ ಒಂದೇ ಇದ್ದರೆ ಶುರುವಿನ ಸಂಬಳದಲ್ಲಿ ಬಾಡಿಗೆ ಕಳೆದು ಉಳಿಯುವುದು ಕಡಿಮೆ. ಶ್ರವಣಯಂತ್ರದ ಅಂಗಡಿಗಳು ಸ್ವಲ್ಪ ಜಾಸ್ತಿ ಕೊಡುತ್ತವೆ. ಅಲ್ಲಿ ತಿಂಗಳಿಗೆ ಇಷ್ಟು ಯಂತ್ರ ಮಾರಬೇಕು ಎಂಬ ಟಾರ್ಗೆಟ್ ಇರಬಹುದು, ಸೇರುವ ಮೊದಲೇ ಕೇಳಿ. ಸರ್ಕಾರದಲ್ಲಿ ಜಿಲ್ಲಾ ಆಸ್ಪತ್ರೆಗಳಿವೆ, ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರಗಳಿವೆ. ಹುದ್ದೆಗಳು ಕಡಿಮೆ, ಎಷ್ಟೋ ಕಡೆ ಗುತ್ತಿಗೆ ಮೇಲೆ. ವಿದೇಶದ ಕನಸಿದ್ದರೆ, ಅಮೆರಿಕದಲ್ಲಿ ಮಾತಿನ ಚಿಕಿತ್ಸಕರಾಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಇಲ್ಲೂ ಮುಂದೆ ಎರಡು ವರ್ಷದ ಎಂಎಸ್ಸಿ ಮಾಡುವುದು ಒಳ್ಳೆಯದು, ಆಗ ಕಿವಿಯೋ ಮಾತೋ ಒಂದನ್ನು ಆರಿಸಿಕೊಳ್ಳಬೇಕು.

ಜಿಲ್ಲೆಗೆ ವಾಪಸ್ ಬರುವುದಾದರೆ ಒಂದೇ ಊರಿನಲ್ಲಿ ಕೂತು ಹೊಟ್ಟೆ ತುಂಬುವುದು ಕಷ್ಟ. ವಾರದಲ್ಲಿ ಕೆಲವು ದಿನ ಒಂದು ಆಸ್ಪತ್ರೆ, ಮಿಕ್ಕ ದಿನ ಕುಮಟಾ, ಹೊನ್ನಾವರ, ಶಿರಸಿ ಅಂತ ತಿರುಗಬೇಕು. ಮಾತಿನ ಚಿಕಿತ್ಸೆ ಮಾತ್ರ ಆದರೆ ಒಂದು ಕೋಣೆ, ಒಂದಿಷ್ಟು ಆಟಿಕೆ, ಪುಸ್ತಕ ಸಾಕು. ಕಿವಿ ಪರೀಕ್ಷೆಯನ್ನೂ ಮಾಡಬೇಕು ಅಂದರೆ ಶಬ್ದ ಒಳಗೆ ಬರದ ಕೋಣೆ, ಆಡಿಯೋಮೀಟರ್ ಬೇಕು, ಖರ್ಚು ಬೇರೆಯೇ ಮಟ್ಟದ್ದು.

ಕಾಲೇಜಿನಲ್ಲಿ ಕಲಿಯುವುದಕ್ಕೂ ಇಲ್ಲಿನ ಕೆಲಸಕ್ಕೂ ಇರುವ ಅಂತರವನ್ನು ಹೇಳಲೇಬೇಕು. ಅಲ್ಲಿ ಮಗು ವಾರಕ್ಕೆ ಎರಡು ಮೂರು ಸಲ ಬರುತ್ತದೆ ಎಂದುಕೊಂಡೇ ಎಲ್ಲ ಯೋಜನೆ. ಜೋಯಿಡಾದ ಒಳಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುವ ತಾಯಿಗೆ ತಿಂಗಳಿಗೆ ಒಂದು ಸಲ ಬರುವುದೇ ಹೆಚ್ಚು. ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ಇಲ್ಲ. ಆಗ ನೀವು ಮಗುವಿಗೆ ಕಲಿಸುವುದಕ್ಕಿಂತ ತಾಯಿಗೆ ಕಲಿಸಬೇಕು: ಪಾತ್ರೆ ತೊಳೆಯುವಾಗ, ಸ್ನಾನ ಮಾಡಿಸುವಾಗ, ದನಕ್ಕೆ ಹುಲ್ಲು ಹಾಕುವಾಗ ಯಾವ ಶಬ್ದ, ಎಷ್ಟು ಸಲ, ಹೇಗೆ ಕಾಯಬೇಕು ಎಂದು. ನೆಟ್‌ವರ್ಕ್ ಸಿಕ್ಕಿದ ದಿನ ವಿಡಿಯೋ ಕರೆಯಲ್ಲಿ ನೋಡಬಹುದು. ಒಂದು ಶಬ್ದ ಬರಲು ತಿಂಗಳುಗಳು ಹಿಡಿಯುತ್ತವೆ. ಕೆಲವು ಮಕ್ಕಳಲ್ಲಿ ಬರುವುದೇ ಇಲ್ಲ, ಬೇಕಾದ್ದನ್ನು ಚಿತ್ರ ತೋರಿಸಿ ಕೇಳುವುದನ್ನು ಕಲಿಸುತ್ತೇವೆ. ಫಲ ಬೇಗ ಕಾಣಬೇಕು ಎನ್ನುವ ಸ್ವಭಾವ ನಿಮ್ಮದಾದರೆ ಈ ಓದು ಬೇಡ. ಉಗ್ಗಿನ ಕಾರಣಕ್ಕೆ ಯಾರನ್ನೂ ನಾನು ತಡೆಯುವುದಿಲ್ಲ, ಈ ಕಾರಣಕ್ಕೆ ತಡೆಯುತ್ತೇನೆ.

ಸೇರುವ ಮೊದಲು ಉಗ್ಗು ಸರಿ ಮಾಡಿಕೊಳ್ಳಬೇಕಾ ಅಂತ ಕೇಳಿದ್ದೀರಿ. ಕೋರ್ಸಿಗೋಸ್ಕರ ಬೇಕಾಗಿಲ್ಲ. ನಿಮಗೋಸ್ಕರ ಬೇಕು ಅನ್ನಿಸಿದರೆ ಈಗಲೇ ಶುರು ಮಾಡಿ. ಹದಿನೈದು ದಿನದಲ್ಲಿ ಗುಣ ಎಂದು ಬೋರ್ಡ್ ಹಾಕಿದವರ ಹತ್ತಿರ ಹೋಗಬೇಡಿ. ನಿಮ್ಮ ವಯಸ್ಸಿನಲ್ಲಿ ಪೂರ್ತಿ ಹೋಗುತ್ತದೆ ಎಂದು ಯಾರೂ ಮಾತು ಕೊಡಲು ಆಗುವುದಿಲ್ಲ. ಒದ್ದಾಟ ಕಡಿಮೆ ಮಾಡಿಕೊಂಡು ಸುಲಭವಾಗಿ ಉಗ್ಗುವುದನ್ನು, ಕಷ್ಟದ ಶಬ್ದಗಳನ್ನು ತಪ್ಪಿಸದೆ ಹೇಳುವುದನ್ನು, ಫೋನ್ ಎತ್ತುವುದನ್ನು ಕಲಿಯಬಹುದು. ಕಾಲೇಜಿಗೆ ಸೇರಿದ ಮೊದಲ ವಾರವೇ ಮೇಷ್ಟ್ರುಗಳಿಗೆ ನಿಮ್ಮ ಉಗ್ಗಿನ ವಿಷಯ ಹೇಳಿಬಿಡಿ. ಬಾಯಲ್ಲಿ ಹೇಳಲು ಕಷ್ಟ ಆದರೆ ಬರೆದು ಕೊಡಿ. ವೈವಾದಲ್ಲಿ ನಿಮಗೆ ಜಾಸ್ತಿ ಸಮಯ ಬೇಕು ಎಂದೂ ಅದರಲ್ಲೇ ಬರೆಯಿರಿ, ಪರೀಕ್ಷೆಯ ಹಿಂದಿನ ದಿನ ಕೇಳುವುದಕ್ಕಿಂತ ಅದು ಸುಲಭ.